ಕೆಚ್ಚಲು ನೋಡಿ ಕುರಿ ಕೊಳ್ಳಿ

ಬಕ್ರೀದ್ ಹತ್ತಿರ ಬಂತೆಂದರೆ ನಮ್ಮ ಕಡೆಯ ಸಂತೆಗಳಲ್ಲಿ ಜನ ಮುಗಿಬೀಳುವುದು ಟಗರಿನ ಸುತ್ತ. ಬೆನ್ನ ಮೇಲೆ ಅಂಗೈ ಊರಿ ಮಾಂಸ ಒತ್ತಿ ನೋಡುತ್ತಾರೆ, ತುಟಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಎತ್ತಿ ತೂಕದ ಅಂದಾಜು ಕಟ್ಟುತ್ತಾರೆ. ಕಡಿಯಲು ಒಯ್ಯುವವನಿಗೆ ಅಷ್ಟು ಸಾಕು. ಸಾಕಲು ಒಯ್ಯುವವನೂ ಅದೇ ಗುಂಪಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿರುತ್ತಾನಲ್ಲ, ಅವನ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಹೋಗೋಣ ಅನ್ನಿಸುತ್ತದೆ ನನಗೆ. ಸಂತೆಯ ಅಂಚಿನಲ್ಲಿ ಯಾರೂ ತಿರುಗಿ ನೋಡದ ಹೆಣ್ಣುಕುರಿಗಳಿರುತ್ತವೆ. ಮನೆಯ ಹಟ್ಟಿ ಬೆಳೆಯುವುದು ಅವುಗಳಿಂದ.

ಮೊದಲು ಬಾಯಿ ನೋಡಿ. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳಗಿನ ಎಂಟರಲ್ಲಿ ನಡುವಿನ ಜೋಡಿ ಮಾತ್ರ ದೊಡ್ಡದಾಗಿ ಬಂದಿದ್ದರೆ ಒಂದೂವರೆ ವರ್ಷದ ಆಸುಪಾಸು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷ. ಒಂದು ಸಲ ಈದಿರುವ ನಾಲ್ಕು ಹಲ್ಲಿನ ಕುರಿ ಸಾಕಲು ಬಲು ಚೆನ್ನ. ಇಷ್ಟನ್ನು ಎಲ್ಲರೂ ಬಲ್ಲರು. ಕೆಚ್ಚಲು ಮುಟ್ಟಿ ನೋಡುವವರು ಮಾತ್ರ ಕಡಿಮೆ. ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಹಿಡಿಯಬೇಕು. ಎರಡು ಹೋಳೂ ಸಮ ಇರಬೇಕು, ಒಳಗೆ ಗಂಟು ಸಿಗಬಾರದು. ಒಂದು ಮಗ್ಗಲು ಗಟ್ಟಿಯಾಗಿದ್ದರೆ ಹಿಂದಿನ ಸೂಲಿನಲ್ಲಿ ಕೆಚ್ಚಲು ಬಾವು ಬಂದು ಹೋಗಿರುವ ಸಾಧ್ಯತೆ ಹೆಚ್ಚು. ಆ ಕಡೆ ಹಾಲಿನ ಆಸೆ ಬೇಡ. ತೊಟ್ಟು ದಪ್ಪಗೆ ಊದಿ ಜೋತುಬಿದ್ದಿದ್ದರೂ ಬಿಟ್ಟುಬಿಡಿ, ಆಗತಾನೆ ಹುಟ್ಟಿದ ಮರಿಯ ಬಾಯಿಗೆ ಅದು ಸಿಗುವುದಿಲ್ಲ. ಮರಿ ಜೊತೆಗಿದ್ದರೆ ಇನ್ನೊಂದು ಪರೀಕ್ಷೆ ಉಂಟು. ಮರಿಯನ್ನು ಎತ್ತಿಕೊಂಡು ಸ್ವಲ್ಪ ದೂರ ನಡೆಯಿರಿ. ತಾಯಿ ಅರಚುತ್ತ ಬೆನ್ನು ಹತ್ತಿ ಬಂದರೆ ದರ ಮಾತಾಡಬಹುದು. ತಲೆ ಬಗ್ಗಿಸಿ ಮೇವು ಮೇಯುತ್ತಲೇ ನಿಂತರೆ ಮರಿ ಕೆಳಗಿಳಿಸಿ ಮನೆಗೆ ಹೋಗಿ.

ಟಗರಿನ ಗುಣ ಲೆಕ್ಕಕ್ಕಿಲ್ಲ ಎಂದೇನಲ್ಲ. ಟಗರು ಕೆಟ್ಟದಾದರೆ ಬದಲಿಸಬಹುದು, ನೆರೆಯವರದನ್ನು ಕೇಳಿ ತರಬಹುದು. ಮರಿ ಒಲ್ಲದ ತಾಯಿಯನ್ನು ಕಟ್ಟಿಕೊಂಡವರಿಗೆ ವರ್ಷವಿಡೀ ಬಾಟಲಿ ಹಿಡಿಯುವುದೇ ಕೆಲಸ.

ನಾನು ಹೇಳುತ್ತಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಾತು. ಈ ನೆಲದ ವಿಳಾಸ ಆಗಾಗ ಬದಲಾಗಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರ ಜಿಲ್ಲೆಗೆ ಸೇರಿತು. ಕುರಿ ಮಾತ್ರ ಬಳ್ಳಾರಿ ಕುರಿಯಾಗಿಯೇ ಉಳಿದಿದೆ, ಅದು ಕಾಯಿ ತಿನ್ನುವ ಮುಳ್ಳುಗಿಡ ಬಳ್ಳಾರಿ ಜಾಲಿಯಾಗಿಯೇ ಉಳಿದಿದೆ. ಈ ಕುರಿಯದು ಕಪ್ಪು, ಬಿಳಿ, ಎರಡೂ ಬೆರೆತ ಮೈ. ಜೋಲುಗಿವಿ, ಗಿಡ್ಡ ಬಾಲ, ಒರಟು ಉಣ್ಣೆ. ಟಗರು ಸರಾಸರಿ 35 ಕೆಜಿ, ಹೆಣ್ಣು 27 ಕೆಜಿ ತೂಗುತ್ತದೆ. ಬನ್ನೂರು ಕುರಿಯ ಗಿಡ್ಡ ತುಂಬುಮೈ ಇದಕ್ಕಿಲ್ಲ. ಆದರೆ ಬನ್ನೂರು ಕುರಿಯನ್ನು ಕೂಡ್ಲಿಗಿಯ ಕಲ್ಲುಗುಡ್ಡಕ್ಕೆ ಏಪ್ರಿಲ್ ಬಿಸಿಲಲ್ಲಿ ಅಟ್ಟಿ ನೋಡಿ, ಆಮೇಲೆ ಮಾತಾಡೋಣ. ನಮ್ಮದು ಬೇಸಿಗೆಯಲ್ಲಿ ಮೈಲಿಗಟ್ಟಲೆ ನಡೆದು, ಶೇಂಗಾ ಹೊಟ್ಟು, ಜಾಲಿಕಾಯಿ, ಬದುವಿನ ಒಣಹುಲ್ಲು ತಿಂದು, ಸಂಜೆ ಮರಿಗೆ ಹಾಲು ಕೊಡುತ್ತದೆ. ಕಾಗದದ ಮೇಲಿನ ತೂಕಕ್ಕಿಂತ ನನಗೆ ಇದು ದೊಡ್ಡದು.

ಈಗ ಎರಡು ಮರಿ ಹಾಕುವ ಕುರಿಯ ಹುಚ್ಚು ಎದ್ದಿದೆ. ಇದರ ಹಿಂದೆ ಒಂದು ಸ್ವಾರಸ್ಯದ ಚರಿತ್ರೆಯಿದೆ. ಬಂಗಾಳದ ಸುಂದರಬನದ ಕೆಸರಿನಲ್ಲಿ ಗರೋಲ್ ಎಂಬ ಪುಟ್ಟ ಕುರಿ ಮೇಯುತ್ತದೆ, ಒಂದು ಸೂಲಿಗೆ ಎರಡು, ಮೂರು ಮರಿ ಹಾಕುತ್ತದೆ. 1792-93ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ ಬಂಗಾಳದ ಕುರಿಗಳು ಆಸ್ಟ್ರೇಲಿಯಾ ಸೇರಿದವು. ಅಲ್ಲಿನ ಬೂರೂಲಾ ಮೆರಿನೊ ತಳಿಗೆ ಅವಳಿ ಮರಿ ಕೊಟ್ಟ ವಂಶಗುಣ ಇವುಗಳಿಂದಲೇ ಹೋದದ್ದೆಂದು ವಿಜ್ಞಾನಿಗಳು ನಂತರ ಕಂಡುಕೊಂಡರು. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅದೇ ಗರೋಲ್ ರಕ್ತವನ್ನು ದಖನಿ ಕುರಿಗೆ ತಂದು ‘ನಾರಿ ಸುವರ್ಣ’ ತಳಿ ಕಟ್ಟಿತು. ಅದು ಕರ್ನಾಟಕಕ್ಕೂ ಬಂದಿದೆ. ಕೆಲಸ ಮೆಚ್ಚುವಂಥದ್ದೇ. ಹೊಲದಲ್ಲಿ ಬೋರು ಇದ್ದು, ಹಸಿಮೇವು ಬೆಳೆದು, ಕಟ್ಟಿ ಮೇಯಿಸುವವರು ಧಾರಾಳವಾಗಿ ತರಲಿ. ದಿನವೆಲ್ಲ ನಡೆದು ಮೇಯುವ ಕುರಿಗೆ ಅವಳಿ ಮರಿ ಎಂದರೆ ಎರಡಕ್ಕೂ ಅರೆಹೊಟ್ಟೆ. ನಮ್ಮ ಒಣಭೂಮಿಯಲ್ಲಿ ಒಂದೇ ಮರಿ ಹಾಕಿ ಅದನ್ನು ದುಂಡಗೆ ಬೆಳೆಸುವ ತಾಯಿಗೇ ನನ್ನ ಓಟು.

ಅಂಥ ತಾಯಿಯೂ ಚೊಚ್ಚಲ ಸೂಲಿನಲ್ಲಿ ಕಂಗಾಲಾಗುವುದುಂಟು. ಮುಂಗಾರಿನ ಹಸಿರಲ್ಲಿ ಗಬ್ಬವಾದ ಕುರಿ ಐದು ತಿಂಗಳಿಗೆ, ಅಂದರೆ ದೀಪಾವಳಿಯ ಚಳಿಗೆ ಈಯುತ್ತದೆ. ಕಳೆದ ಹಂಗಾಮಿನಲ್ಲಿ ಒಂದು ಎಳೆಯ ಕುರಿ ಮರಿ ಹಾಕಿ, ಅದನ್ನು ಕಂಡು ತಾನೇ ಬೆದರಿ ಹಿಂದೆ ಸರಿದು ನಿಂತುಬಿಟ್ಟಿತು. ಮರಿ ಲೋಳೆಯಲ್ಲಿ ನೆನೆದು ನಡುಗುತ್ತಿತ್ತು. ಒರೆಸೋಣವೆಂದು ನಾನು ಗೋಣಿಚೀಲ ಹಿಡಿದು ಬಗ್ಗಿದೆ. ‘ಮುಟ್ಟಬ್ಯಾಡಪ್ಪಾ, ನಿನ್ನ ಕೈ ವಾಸನಿ ಹತ್ತತೈತಿ’ ಎಂದು ದೊಡ್ಡವ್ವ ತಡೆದರು. ಮರಿಯ ಮೈಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ, ಕುರಿಯ ಕುತ್ತಿಗೆ ಹಿಡಿದು ಮೂಗು ಅಲ್ಲಿಗೇ ತಂದರು. ಉಪ್ಪಿನ ಆಸೆಗೆ ನಾಲಿಗೆ ಹೊರಬಂತು. ಒಮ್ಮೆ ನೆಕ್ಕಿತು, ನಿಲ್ಲಿಸಿತು, ಮತ್ತೆ ನೆಕ್ಕಿತು. ಗಂಟಲಲ್ಲೇ ಗುರುಗುಟ್ಟುವ ಒಂದು ಸಣ್ಣ ದನಿ ಶುರುವಾಯಿತು. ಈದ ಕುರಿ ಮರಿಯ ಹತ್ತಿರ ಆಡುವ ದನಿ ಅದು. ಅದು ಕೇಳಿದ ಮೇಲೆ ನಾವು ಅಲ್ಲಿ ನಿಲ್ಲುವ ಅಗತ್ಯವಿರುವುದಿಲ್ಲ. ಆದರೂ ದೊಡ್ಡವ್ವ ಏಳಲಿಲ್ಲ. ಎರಡೂ ತೊಟ್ಟುಗಳನ್ನು ಹಿಂಡಿ, ಬಾಯಿಗೆ ಕಟ್ಟಿದ್ದ ಮೇಣದಂಥದ್ದನ್ನು ತೆಗೆದು, ಗಿಣ್ಣದ ಹಾಲು ಧಾರೆಯಾಗಿ ಬರುವುದನ್ನು ನೋಡಿಯೇ ಎದ್ದರು.

ಆ ಗಿಣ್ಣದ ಹಾಲಿನ ಬೆಲೆ ಪಶುವೈದ್ಯರನ್ನು ಕೇಳಿ. ಕುರಿಮರಿಗೆ ಗರ್ಭದಲ್ಲಿ ತಾಯಿಯಿಂದ ರೋಗನಿರೋಧಕ ಶಕ್ತಿ ದಾಟುವುದಿಲ್ಲ. ಅದು ಸಿಗುವುದು ಗಿಣ್ಣದಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಹುಟ್ಟಿದ ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೊದಲ ಗಂಟೆ, ಎರಡು ಗಂಟೆಯಲ್ಲಿ ಕುಡಿದ ಮರಿ ಬದುಕುತ್ತದೆ. ಮಾಸು ಬೀಳುವ ಮೊದಲು ಕುಡಿಸಬಾರದು ಎಂದು ಕಾಯುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ.

ದಿನದ ಕೆಲಸಗಳಲ್ಲಿ ನನಗೆ ಬಲು ಇಷ್ಟ ಸಂಜೆ ಮರಿ ಬಿಡುವ ಹೊತ್ತು. ಬೆಳಿಗ್ಗೆ ಹಟ್ಟಿ ಗುಡಿಸಿ ಹಿಕ್ಕೆ ತಿಪ್ಪೆಗೆ ಹಾಕುವುದು, ಇಬ್ಬನಿ ಆರಿದ ಮೇಲೆ ಕುರಿ ಹೊಡೆಯುವುದು (ತೇವದ ಹುಲ್ಲಿನ ತುದಿಯಲ್ಲಿ ಜಂತಿನ ಮರಿಗಳು ಕಾದಿರುತ್ತವೆ), ಮಧ್ಯಾಹ್ನ ಹುಣಸೆಮರದ ಕೆಳಗೆ ತರುಬುವುದು, ಇವೆಲ್ಲ ದುಡಿಮೆ. ಸಂಜೆಯದು ಮಾತ್ರ ಜಾತ್ರೆ. ಕುರಿ ಬಂದ ಸದ್ದಿಗೆ ಗೂಡಿನಲ್ಲಿರುವ ಮರಿಗಳು ಕಿರುಚತೊಡಗುತ್ತವೆ. ಬಾಗಿಲು ತೆಗೆದದ್ದೇ ತಡ, ಆ ಗದ್ದಲದಲ್ಲಿ ಪ್ರತಿ ಮರಿಯೂ ತನ್ನ ತಾಯಿಯ ಹೊಟ್ಟೆಯಡಿ ಮಂಡಿ ಊರಿರುತ್ತದೆ. ತಪ್ಪಿ ಬೇರೆ ಕುರಿಯ ಕೆಚ್ಚಲಿಗೆ ಬಾಯಿ ಹಾಕಿದರೆ ಗುದ್ದು ಗ್ಯಾರಂಟಿ. ಕುರಿ ಅಂದರೆ ದಡ್ಡ ಪ್ರಾಣಿ ಎನ್ನುವವರು ಇದನ್ನೊಮ್ಮೆ ನಿಂತು ನೋಡಬೇಕು. ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಕುರಿ ಬೇರೆ ಐವತ್ತು ಕುರಿಗಳ ಮುಖವನ್ನು ಎರಡು ವರ್ಷದ ತನಕ ನೆನಪಿಡುತ್ತದೆ. ಸಂಜೆಯ ಈ ಗದ್ದಲದಲ್ಲಿ ಸುಮ್ಮನೆ ಮೂಲೆಯಲ್ಲಿ ನಿಂತ ಮರಿಯೊಂದು ಕಣ್ಣಿಗೆ ಬಿದ್ದರೆ ನಾಳೆ ಬರುವ ಕಾಯಿಲೆ ಇವತ್ತೇ ಗೊತ್ತಾಗುತ್ತದೆ. ಥರ್ಮಾಮೀಟರು ಆಮೇಲೆ.

ಕೋಳಿಯ ವಿಷಯದಲ್ಲೂ ನನ್ನ ಹಟ ಇದೇ. ಹೆಬ್ಬಾಳದ ಪಶುವೈದ್ಯ ಕಾಲೇಜು ಗಿರಿರಾಜ ಕೊಟ್ಟಿತು, 2005ರಲ್ಲಿ ಸ್ವರ್ಣಧಾರ ಕೊಟ್ಟಿತು. ಮೈಯಲ್ಲೂ ಮೊಟ್ಟೆಯಲ್ಲೂ ಜವಾರಿ ಕೋಳಿ ಅವುಗಳ ಹತ್ತಿರ ಸುಳಿಯದು. ವರ್ಷಕ್ಕೆ ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಅದು ಕಾವಿಗೆ ಕೂರುತ್ತದೆ. ಗಿರಿರಾಜಕ್ಕೆ ಆ ಬುದ್ಧಿ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಜಾಣ ಹೆಂಗಸರು ಗಿರಿರಾಜದ ಮೊಟ್ಟೆಯನ್ನೇ ಜವಾರಿ ಹೇಂಟೆಯ ಕೆಳಗಿಟ್ಟು ಎರಡರ ಲಾಭವನ್ನೂ ತೆಗೆಯುತ್ತಾರೆ. ಕರೆಂಟು ಹೋದರೂ ಆರದ ಇನ್‌ಕ್ಯುಬೇಟರು! ಬುಟ್ಟಿಗೆ ಬೂದಿ, ಹೊಟ್ಟು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಇದ್ದಿಲು, ಒಣಮೆಣಸಿನಕಾಯಿ, ಕಬ್ಬಿಣದ ಚೂರು ಇಡುತ್ತಾರೆ. ಕಬ್ಬಿಣದ ಮೇಲೆ ನನಗೆ ನಂಬಿಕೆಯಿಲ್ಲ, ತೆಗೆಯಿರಿ ಎಂದು ಹೇಳುವ ಧೈರ್ಯವೂ ಇಲ್ಲ. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ, ಒಳಗೆ ಕೆಂಪು ನರ ಕಾಣದ ಮೊಟ್ಟೆ ತೆಗೆಯಬೇಕು. 21 ದಿನಕ್ಕೆ ಪಿಳ್ಳೆ.

ಒಳ್ಳೆಯ ಹೇಂಟೆಯ ಗುರುತು ಪಿಳ್ಳೆ ಹೊರಬಂದ ಮೇಲೆ ತಿಳಿಯುತ್ತದೆ. ಆಕಾಶದಲ್ಲಿ ಗಿಡುಗ ಕಂಡರೆ ಒಂದು ಕೂಗು, ನೆಲದ ಮೇಲೆ ಬೆಕ್ಕೋ ಮುಂಗುಸಿಯೋ ಬಂದರೆ ಬೇರೆ ಕೂಗು. ಮೊದಲನೆಯದಕ್ಕೆ ಪಿಳ್ಳೆಗಳು ಇದ್ದಲ್ಲೇ ಅಡಗುತ್ತವೆ. ಪೇಟೆಯಿಂದ ತಂದ ಪೆಟ್ಟಿಗೆಯ ಮರಿಗಳಿಗೆ ಕೂಗಿ ಹೇಳುವವರಿಲ್ಲ, ಗಿಡುಗಕ್ಕೆ ಹಬ್ಬ. ಇನ್ನು ಕುರಿಹಟ್ಟಿಯೂ ಕೋಳಿಯೂ ಒಂದಕ್ಕೊಂದು ಒದಗುತ್ತವೆ: ಕೋಳಿ ಹಿಕ್ಕೆಯ ಗುಡ್ಡೆ ಕೆದರಿ ಹುಳ ತಿನ್ನುತ್ತದೆ, ಮಲಗಿದ ಕುರಿಯ ಮೈಯಿಂದ ಉಣುಗು ಹೆಕ್ಕುತ್ತದೆ. ಮೊಟ್ಟೆಯ ದುಡ್ಡು ಮನೆಯ ಹೆಂಗಸರದು, ಅದರ ಲೆಕ್ಕ ಕೇಳಿದ ಗಂಡಸನ್ನು ನಾನು ಕಂಡಿಲ್ಲ.

ಸೂಜಿಯ ಮಾತು ಚುಟುಕಾಗಿ. ಮುಂಗಾರಿನ ಎಳೆಹುಲ್ಲು ಚಿಗುರುವ ಮೊದಲೇ, ಮೇ ತಿಂಗಳಲ್ಲಿ, ಕುರಿಗೆ ಕರುಳುಬೇನೆಯ ಲಸಿಕೆ ಆಗಿರಬೇಕು. ಪಿಪಿಆರ್ ಮತ್ತು ನೀಲಿ ನಾಲಿಗೆಯ ಲಸಿಕೆ ಯಾವಾಗೆಂದು ಪಶು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ. ಪಿಳ್ಳೆಗೆ ಮೊದಲ ವಾರದಲ್ಲಿ ಕೊಕ್ಕರೆ ರೋಗದ ಹನಿ ಕಣ್ಣಿಗೆ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯಡಿ ಸೂಜಿ. ಹರಪನಹಳ್ಳಿ ಕಡೆ ಮೆಕ್ಕೆಜೋಳದ ಕಣಕ್ಕೆ ಕುರಿ ನುಗ್ಗದಂತೆ ನೋಡಿಕೊಳ್ಳಿ, ಹೊಟ್ಟೆತುಂಬ ಕಾಳು ತಿಂದ ಕುರಿ ಹುಳಿತೇಗಿ ಸಾಯುತ್ತದೆ. ಸತ್ತರೆ ಹೂಳುವ ಮೊದಲು ವೈದ್ಯರನ್ನು ಕರೆಸಿ. ಮರಣೋತ್ತರ ಪರೀಕ್ಷೆಯ ಚೀಟಿ ಇಲ್ಲದೆ ಅನುಗ್ರಹ ಯೋಜನೆಯ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ.

ಕೆಚ್ಚಲು ನೋಡಿ ಕೊಳ್ಳಿ ಎಂದೆನಲ್ಲ, ಅದಕ್ಕೊಂದು ತೊಡಕಿದೆ. ಅತ್ಯುತ್ತಮ ತಾಯಿಕುರಿ ಸಂತೆಗೆ ಬರುವುದೇ ಇಲ್ಲ. ಅದನ್ನು ಯಾವ ಮನೆಯೂ ಮಾರುವುದಿಲ್ಲ. ಕಷ್ಟಕಾಲದಲ್ಲಿ ಮಾರಿದರೂ ನೆಂಟರಿಗೇ ಮಾರುತ್ತಾರೆ. ಹಾಗಾಗಿ ಈಯುವ ಹಂಗಾಮಿನಲ್ಲಿ ಹಟ್ಟಿಗಳಿಗೇ ಹೋಗಿ. ಮನೆಯ ಯಜಮಾನನ ಬದಲು ಮರಿಗೆ ಹಾಲು ಕುಡಿಸುವ ಅವ್ವನನ್ನೋ ಅಜ್ಜಿಯನ್ನೋ ಮಾತಾಡಿಸಿ. ಯಾವ ಕುರಿಗೆ ತಾನು ಒಮ್ಮೆಯೂ ಕೈಹಚ್ಚಬೇಕಾಗಿ ಬಂದಿಲ್ಲ ಎಂದು ಆಕೆಗೆ ಬಾಯಿಪಾಠ. ಆ ಕುರಿಯ ಹೆಣ್ಣುಮರಿ ಕೇಳಿ, ಮುಂಗಡ ಕೊಟ್ಟು ಬನ್ನಿ. ಮೂರು ತಿಂಗಳು ತಾಯಿಯ ಹಾಲು ಕುಡಿಯಲಿ, ಆಮೇಲೆ ಹೋಗಿ ತನ್ನಿ.