ಹಾಡಿಗಿಂತ ಉದ್ದನೆಯ ಸಾಲು

ದೂರದರ್ಶನದ ಗಾಯನ ಸ್ಪರ್ಧೆಗಳನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ವೇದಿಕೆಯಿಂದಲೇ ಆರಂಭವಾಗುತ್ತದೆ. ಶ್ರುತಿ ಸರಿಯಿತ್ತೆ, ತೀರ್ಪು ನ್ಯಾಯವಾಗಿತ್ತೆ, ದೀಪಾಲಂಕಾರ ಅತಿಯಾಯಿತೆ ಎಂಬ ಪ್ರಶ್ನೆಗಳಲ್ಲಿ ಅದು ಮುಗಿದೂ ಹೋಗುತ್ತದೆ. ಆದರೆ ಸ್ಪರ್ಧೆಯ ಆರಂಭ ವೇದಿಕೆಯಲ್ಲಿಲ್ಲ. ಅದು ಯಾವುದೋ ಸಭಾಭವನದ ಹೊರಗೆ, ಹೆಸರು ನೋಂದಾಯಿಸಲು ನಿಂತವರ ಸರದಿಯ ಸಾಲಿನಲ್ಲಿದೆ. ಒಂದೆರಡು ನಿಮಿಷದ ಹಾಡಿಗಾಗಿ ಅರ್ಧ ದಿನ ನಿಲ್ಲಬೇಕಾದ ಈ ಸಾಲನ್ನು ಕಾರ್ಯಕ್ರಮದ ಒಂದು ಅಂಗವೆಂದೇ ಎಣಿಸಿ ಪರೀಕ್ಷಿಸುವುದು ಅವಶ್ಯಕ.

ಪುತ್ತೂರು, ಸುಳ್ಯ ಹಾಗೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಾದ ಕಡಬದ ಕಡೆಯ ಕುಟುಂಬಗಳಿಗಂತೂ ಸಾಲು ಮನೆಯ ಅಂಗಳದಿಂದಲೇ ಆರಂಭವಾಗುತ್ತದೆ. ಮಂಗಳೂರಿನಲ್ಲಿ ಆಡಿಷನ್ ಎಂಬ ಪ್ರಕಟಣೆ ಬಂದಿತೆನ್ನೋಣ. ಪುತ್ತೂರಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು, ಸುಳ್ಯದಿಂದ 85ರ ಆಸುಪಾಸು. ಕುಕ್ಕೆ ಸುಬ್ರಹ್ಮಣ್ಯದಿಂದ 100ನ್ನು ಮೀರುತ್ತದೆ. ಬೆಳಿಗ್ಗೆ 7 ಗಂಟೆಗೆ ಸಾಲಿನಲ್ಲಿ ನಿಲ್ಲಬೇಕಾದರೆ ಗುತ್ತಿಗಾರು, ಬೆಳ್ಳಾರೆ, ಆಲಂಕಾರಿನ ಮನೆಗಳಲ್ಲಿ 3 ಗಂಟೆಗೆ ದೀಪ ಉರಿಯಬೇಕು. ಮಗುವಿನ ಗಂಟಲು ಕೆಟ್ಟೀತೆಂದು ಮೂರು ದಿನಗಳಿಂದ ಮಜ್ಜಿಗೆ ನಿಂತಿರುತ್ತದೆ. ಭಾವಚಿತ್ರ, ವಿಳಾಸದ ದಾಖಲೆ, ಇಸ್ತ್ರಿ ಮಾಡಿದ ಅಂಗಿ ಎಲ್ಲವೂ ಚೀಲದಲ್ಲಿರುತ್ತವೆ. ಬುತ್ತಿಯೊಂದು ಮರೆತುಹೋಗುವುದುಂಟು.

ಇದು ಹಾಡಿಗೆ ಬಡವಾದ ಸೀಮೆಯಲ್ಲವೆಂಬುದನ್ನು ಮರೆಯಲಾಗದು. ಊರೂರಿನ ಭಜನಾ ಮಂದಿರಗಳಲ್ಲಿ ಸಂಜೆಯ ತಾಳ ಕೇಳಿಸುವ ಸೀಮೆಯಿದು. ರಾತ್ರಿಯಿಡೀ ತಾಳಮದ್ದಳೆಯ ಭಾಗವತಿಕೆಗೆ ಕಿವಿಗೊಡುವ ಸೀಮೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದೂ ಇಲ್ಲಿಯೇ. ಭಜನಾ ಮಂದಿರದಲ್ಲಿ ಹಾಡಲು ಬಂದ ಬಾಲಕನಿಗೆ ಯಾರೂ ಎದೆಗೆ ಸಂಖ್ಯೆ ಅಂಟಿಸುವುದಿಲ್ಲ. ಅಪಸ್ವರ ಬಂದರೆ ಪಕ್ಕದಲ್ಲಿ ಕುಳಿತ ಹಿರಿಯರು ತಮ್ಮ ಧ್ವನಿಯನ್ನು ಸ್ವಲ್ಪ ಏರಿಸಿ ಅದನ್ನು ಮುಚ್ಚುತ್ತಾರೆ. ಮುಂದಿನ ವಾರ ಅವನು ಮತ್ತೆ ಬರುತ್ತಾನೆ.

ಆಡಿಷನ್ನಿನ ಸಾಲು ಹೇಗೆ ನಡೆಯುತ್ತದೆಂಬುದಕ್ಕೆ ಹೊರನಾಡುಗಳ ಉದಾಹರಣೆ ಸ್ಪಷ್ಟವಾಗಿದೆ. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಮೆರಿಕನ್ ಐಡಲ್ ಕಾರ್ಯಕ್ರಮವು ಈ ಮಾದರಿಯನ್ನು ಜಗತ್ತಿನಾದ್ಯಂತ ಹರಡಿತು. ಕ್ರೀಡಾಂಗಣದಲ್ಲಿ ಸಾವಿರಾರು ಜನರನ್ನು ಸೇರಿಸಿ, ಮೇಜುಗಳ ಮುಂದೆ ಗುಂಪುಗುಂಪಾಗಿ ನಿಲ್ಲಿಸಿ, ಒಬ್ಬೊಬ್ಬರಿಂದ ನಾಲ್ಕು ಸಾಲು ಹಾಡಿಸಿ ಕಳುಹಿಸುತ್ತಿದ್ದರು. ಆ ಮೇಜುಗಳ ಹಿಂದೆ ಕುಳಿತವರು ಪರದೆಯ ಮೇಲೆ ಕಾಣುವ ಪ್ರಸಿದ್ಧ ತೀರ್ಪುಗಾರರಲ್ಲ, ಕಾರ್ಯಕ್ರಮದ ಸಿಬ್ಬಂದಿ. ಪ್ರಸಿದ್ಧರ ಮುಂದೆ ನಿಲ್ಲುವ ಅವಕಾಶ ಅವರಿಂದ ಆಯ್ಕೆಯಾದ ಕೆಲವರಿಗೆ ಮಾತ್ರ. ಇಡೀ ಜನಸಮುದ್ರವನ್ನು ತೀರ್ಪುಗಾರರೇ ಆಲಿಸಿದರೆಂಬ ಭಾವನೆ ವೀಕ್ಷಕನಲ್ಲಿ ಮೂಡುತ್ತದೆ. ಅದು ಸಂಕಲನದ ಕೌಶಲ. ಸಾಲಿನಲ್ಲಿ ನಿಂತವರಿಂದ ಕೈ ಬೀಸಿಸಿ, ಜಯಘೋಷ ಮಾಡಿಸಿ ಚಿತ್ರೀಕರಿಸುವುದು ಇಂತಹ ಕಾರ್ಯಕ್ರಮಗಳ ಪರಿಪಾಠ. ಹಾಡುವ ಅವಕಾಶ ಕೇಳಿಕೊಂಡು ಬಂದವನು ಹಾಡುವುದಕ್ಕೆ ಮುಂಚೆಯೇ ಜನಸಂದಣಿಯ ಪಾತ್ರವೊಂದನ್ನು ಪುಕ್ಕಟೆಯಾಗಿ ಅಭಿನಯಿಸಿರುತ್ತಾನೆ.

ಭಾರತದಲ್ಲಿ ಇದೇ ಮಾದರಿಯ ಇಂಡಿಯನ್ ಐಡಲ್ 2004ರಲ್ಲಿ ಬಂದಿತು. 2012ರಲ್ಲಿ ಅದರ ಮುಂಬಯಿ ಆಡಿಷನ್ನಿಗೆ ಹೋಗಿದ್ದ ಯುವಕನೊಬ್ಬ 2018ರಲ್ಲಿ ತನ್ನ ಅನುಭವವನ್ನು ಬಹಿರಂಗವಾಗಿ ಬರೆದಾಗ ಅದು ರಾಷ್ಟ್ರೀಯ ಪತ್ರಿಕೆಗಳಲ್ಲಿಯೂ ಸುದ್ದಿಯಾಯಿತು. ಬೆಳಿಗ್ಗೆಯಿಂದ ಬಹು ದೂರದ ಸಾಲು. ಅನ್ನ, ನೀರು, ಶೌಚಾಲಯಗಳ ವ್ಯವಸ್ಥೆಯಿಲ್ಲ. ಅವುಗಳಿಗಾಗಿ ಹೊರಗೆ ಹೋದವನಿಗೆ ತನ್ನ ಸ್ಥಾನ ಕಳೆದುಹೋಗುವ ಭಯ ಎಂಬುದು ಆತನ ಆರೋಪವಾಗಿತ್ತು. ಒಬ್ಬನ ಮಾತಿನಿಂದ ಎಲ್ಲ ಕಾರ್ಯಕ್ರಮಗಳನ್ನೂ ತೂಗಲಾಗದೆಂಬುದು ನಿಜ. ಆದರೂ ಇಂತಹ ಸಾಲಿನಲ್ಲಿ ನಿಂತುಬಂದ ಯಾವ ತಂದೆತಾಯಿಯೂ ಆ ವರ್ಣನೆಯನ್ನು ಓದಿ ಆಶ್ಚರ್ಯಪಡಲಾರರು.

ಇಲ್ಲಿ ಶ್ರಾವಕರಿಗೆ ಒಂದು ಹಳೆಯ ಪಟ್ಟಿ ನೆನಪಾಗಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಐದೂ ಅತಿಚಾರಗಳು ಕೊಲೆಯನ್ನು ಕುರಿತವಲ್ಲ. ಕೊಲ್ಲದೆ ನೋಯಿಸುವ ಬಗೆಗಳನ್ನು ಕುರಿತವು. ಎತ್ತಿನ ಬೆನ್ನಿಗೆ ಮಿತಿಮೀರಿದ ಹೇರು ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು ಎಂದು ಇವನ್ನು ಪಶುಗಳ ದೃಷ್ಟಾಂತದಿಂದ ವಿವರಿಸುವುದು ವಾಡಿಕೆ. ಎತ್ತುಗಳು ಮನೆಯಿಂದ ಹೋದ ಮೇಲೆ ಈ ಅತಿಚಾರಗಳೂ ಹೋದವೆಂದು ವ್ಯಾಪಾರಸ್ಥ ಕುಟುಂಬಗಳು ಭಾವಿಸಿದಂತಿದೆ. ಬೆಳಗಿನ ಉಪಾಹಾರವಿಲ್ಲದೆ, ಸ್ಥಾನ ಹೋದೀತೆಂದು ಬಾಯಾರಿಕೆಯನ್ನೂ ಹೇಳಿಕೊಳ್ಳದೆ ಮಧ್ಯಾಹ್ನದವರೆಗೆ ನಿಂತ ಹತ್ತು ವರ್ಷದ ಹುಡುಗಿಯ ಸ್ಥಿತಿಗೆ ಅನ್ನಪಾನನಿರೋಧವೆಂಬುದಕ್ಕಿಂತ ನಿಖರವಾದ ಶಬ್ದ ಬೇರೆ ಯಾವುದಿದೆ? ಅವಳ ಎಳೆಯ ಕೊರಳಿನ ಮೇಲೆ ಮನೆಯ ಮಾನ, ನೆಂಟರ ನಿರೀಕ್ಷೆ, ಊರಿನ ಹೆಸರು ಎಲ್ಲವನ್ನೂ ಹೊರಿಸಿದ್ದಕ್ಕೆ ಅತಿಭಾರಾರೋಪಣವೆಂದಲ್ಲದೆ ಬೇರೇನೆನ್ನಬೇಕು? ಈ ಪ್ರಶ್ನೆ ವಾಹಿನಿಗಳಿಗೆ ಮಾತ್ರ ಸಲ್ಲುವಂಥದ್ದಲ್ಲ. ಅವಳ ಕೈ ಹಿಡಿದು ಸಾಲಿಗೆ ಕರೆತಂದವರು ಮನೆಯವರೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಆದರೆ ಅದರ ಲೆಕ್ಕ ತಡವಾಗಿ ಆರಂಭವಾಗುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ಬಂದ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಸ್ತುತ್ಯವಾದ ನಿಯಮಗಳೇ ಸರಿ. ಆದರೆ ಅವು ಮಾತನಾಡುವುದು ಕೆಲಸದ ಗಂಟೆಗಳನ್ನು ಕುರಿತು, ಆಯ್ಕೆಯಾದ ಮಗುವನ್ನು ಕುರಿತು. ಸಾಲಿನಲ್ಲಿ ನಿಂತ ಮಗು ಇನ್ನೂ ಕಲಾವಿದೆಯಲ್ಲ, ಅದರ ನಿಲುವು ಕೆಲಸವೆನಿಸುವುದಿಲ್ಲ. ಆರು ಗಂಟೆ ನಿಂತು, ಒಂದು ನಿಮಿಷ ಹಾಡಿ, 'ಆಮೇಲೆ ತಿಳಿಸುತ್ತೇವೆ' ಎಂಬ ಮಾತು ಕೇಳಿ ಹಿಂದಿರುಗಿದವಳ ಆ ದಿನ ಯಾರ ಖಾತೆಯಲ್ಲಿಯೂ ಖರ್ಚಾಗಿ ಬರೆಯಲ್ಪಡುವುದಿಲ್ಲ. ದೀಪಕ್ಕೆ, ವಾದ್ಯವೃಂದಕ್ಕೆ, ತೀರ್ಪುಗಾರರ ಸಂಭಾವನೆಗೆ ಲೆಕ್ಕವುಂಟು. ಇಷ್ಟು ಸಾವಿರ ಜನ ಬಂದಿದ್ದರೆಂಬ ಹೆಮ್ಮೆಯೂ ಕಾರ್ಯಕ್ರಮದ ಜಮೆಯ ಬದಿಗೆ ಸೇರುತ್ತದೆ. ಆ ಸಾವಿರಾರು ಜನರ ದಿನಗಳ ಬೆಲೆ ಮಾತ್ರ ಪುಸ್ತಕದ ಹೊರಗೇ ಉಳಿಯುತ್ತದೆ.

ಪುತ್ತೂರಿನ ಅಡಿಕೆ ಮಾರುಕಟ್ಟೆಯ ರೀತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಬೆಳೆಗಾರನು ಚೀಲ ಇಳಿಸಿದಾಗ ಖಾಸಗಿ ಮಂಡಿಯಲ್ಲಾಗಲಿ, 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋದಲ್ಲಾಗಲಿ ಅವನ ಕಣ್ಣೆದುರಿಗೇ ಅಡಿಕೆಯನ್ನು ನೋಡುತ್ತಾರೆ. ಇದು ಹೊಸತು, ಇದು ಹಳತು, ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಎಂದು ದರ್ಜೆ ಹೇಳುತ್ತಾರೆ. ದರ್ಜೆ ಒಪ್ಪಿಗೆಯಾಗದಿದ್ದರೆ ಅವನು ವಾದಿಸಬಹುದು, ಚೀಲ ಕಟ್ಟಿಕೊಂಡು ಇನ್ನೊಂದು ಅಂಗಡಿಗೆ ಹೋಗಬಹುದು. ಕರಿಗೋಟಿಗೂ ಒಂದು ದರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಮಾಲು ಏಕೆ ಕಡಿಮೆಯದಾಯಿತೆಂದು ತಿಳಿದುಕೊಂಡು ಮನೆಗೆ ಹೋಗುತ್ತಾನೆ. ಮುಂದಿನ ವರ್ಷ ಅಂಗಳದಲ್ಲಿ ಒಣಗಿಸುವಾಗ ಎಚ್ಚರ ವಹಿಸುತ್ತಾನೆ. ಆಡಿಷನ್ನಿನ ಕೊಠಡಿಯಿಂದ ಹೊರಬಂದ ಮಗುವಿಗೆ ಶ್ರುತಿ ತಪ್ಪಿತೆ, ಉಚ್ಚಾರ ಕೆಟ್ಟಿತೆ, ಅಥವಾ ಅಂದಿನ ಅವಶ್ಯಕತೆಗೆ ತನ್ನ ಮುಖ ಹೊಂದಲಿಲ್ಲವೆ ಎಂಬುದೊಂದೂ ತಿಳಿಯುವುದಿಲ್ಲ. ಕಾರಣ ತಿಳಿಯದ ತಿರಸ್ಕಾರವನ್ನು ಮಗು ತನ್ನ ಕೊರಳಿನ ದೋಷವೆಂದೇ ಭಾವಿಸುತ್ತದೆ. ಆಮೇಲೆ ಬಸದಿಯ ಪೂಜೆಯಲ್ಲಿ ಸ್ತುತಿ ಹಾಡೆಂದರೂ ತಾಯಿಯ ಸೆರಗಿನ ಹಿಂದೆ ನಿಲ್ಲುತ್ತದೆ. ನಷ್ಟವೆಂದರೆ ಇದೇ.

ಬೇರೆ ದಾರಿ ಇರಲಿಲ್ಲವೆ ಎಂದರೆ, ಇತ್ತು. ಆಕಾಶವಾಣಿಯು 1952ರಲ್ಲಿ, ಬಿ. ವಿ. ಕೇಸ್ಕರ್ ಅವರು ಸಚಿವರಾಗಿದ್ದ ಕಾಲದಲ್ಲಿ, ಗಾಯಕರಿಗೆ ಧ್ವನಿಪರೀಕ್ಷೆಯ ಪದ್ಧತಿಯನ್ನು ತಂದಿತು. ಆಗ ಹಿರಿಯ ವಿದ್ವಾಂಸರಲ್ಲಿ ಅನೇಕರು ಅದನ್ನು ಅವಮಾನವೆಂದು ಬಗೆದು ಪ್ರತಿಭಟಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ಆ ವ್ಯವಸ್ಥೆಗೆ ಒಂದು ಘನತೆಯಿತ್ತು. ಅಭ್ಯರ್ಥಿಯು ಅರ್ಜಿ ಹಾಕುತ್ತಾನೆ, ಪತ್ರದ ಮೂಲಕ ಕರೆ ಬರುತ್ತದೆ. ತೀರ್ಮಾನಿಸುವವರಿಗೆ ಹೆಸರಿಲ್ಲ, ಮುಖವಿಲ್ಲ, ಒಂದು ಸಂಕೇತ ಸಂಖ್ಯೆ ಮತ್ತು ಧ್ವನಿ ಮಾತ್ರ. ತೇರ್ಗಡೆಯಾದವನಿಗೆ ಬಿ, ಬಿ-ಹೈ, ಎ ಎಂಬ ಶ್ರೇಣಿ ದೊರೆಯುತ್ತದೆ. ಆಗದವನು ಕೆಲಕಾಲ ಬಿಟ್ಟು ಮತ್ತೆ ಅರ್ಜಿ ಹಾಕಬಹುದು. 1976ರಲ್ಲಿ ಮಂಗಳೂರು ನಿಲಯ ಆರಂಭವಾದ ಮೇಲೆ ಈ ಸೀಮೆಯ ಗಾಯಕರೂ ಆ ಬಾಗಿಲಿನಿಂದ ಒಳಹೊಕ್ಕರು. ಅಲ್ಲಿಯೂ ಸಂಖ್ಯೆಯೇ, ಇಲ್ಲಿಯೂ ಸಂಖ್ಯೆಯೇ. ಅಲ್ಲಿ ಅದು ಹಾಡುವವನ ಗುರುತನ್ನು ಮರೆಮಾಡಿ ಹಾಡನ್ನು ಮುಂದಿಡುತ್ತಿತ್ತು. ಇಲ್ಲಿ ಎದೆಯ ಮೇಲಿನ ಸಂಖ್ಯೆ ಕ್ಯಾಮರಾಕ್ಕೆ ಗುರುತು ಹಿಡಿಯಲು ನೆರವಾಗುತ್ತದೆ.

ಹಾಗೆಂದು ಈ ಸ್ಪರ್ಧೆಗಳಿಂದ ಉಪಕಾರವೇ ಆಗಿಲ್ಲವೆನ್ನುವುದು ಅನ್ಯಾಯ. ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಮಕ್ಕಳ ತಪ್ಪನ್ನು ತಾವೇ ಹಾಡಿ ತೋರಿಸಿ ತಿದ್ದುತ್ತಿದ್ದ ರೀತಿ ಪಾಠಶಾಲೆಗಳಿಗೂ ಮಾದರಿ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ, 2021ರಲ್ಲಿ ಕಾರ್ಯಕ್ರಮ ಮತ್ತೆ ಬಂದಿತು. ಆ ಕುರ್ಚಿ ತುಂಬಲಿಲ್ಲ. ಜೀ ಕನ್ನಡದ 'ಸರಿಗಮಪ' 2018–19ರ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಹನುಮಂತನು ಎರಡನೆಯ ಸ್ಥಾನ ಪಡೆದ. ಯಾವ ಸಂಗೀತ ಸಭೆಯೂ ಆ ಕಂಠವನ್ನು ಹುಡುಕಿಕೊಂಡು ಹೋಗಿರಲಿಲ್ಲವೆಂಬುದು ಸಭೆಗಳವರು ತಲೆ ತಗ್ಗಿಸಬೇಕಾದ ಸಂಗತಿ. ಆದರೆ ನಾಡು ಅವನನ್ನು 'ಕುರಿಗಾಹಿ ಹನುಮಂತ'ನೆಂದೇ ನೆನಪಿಟ್ಟುಕೊಂಡಿತು. ಧ್ವನಿಗೆ ಒಂದು ಕಥೆಯೂ ಬೇಕಾಯಿತು. ಇಂಡಿಯನ್ ಐಡಲ್‌ನ ಮೊದಲ ವಿಜೇತ ಅಭಿಜಿತ್ ಸಾವಂತ್ ಅವರೇ 2021ರಲ್ಲಿ, ಈಗಿನ ತಯಾರಕರಿಗೆ ಸ್ಪರ್ಧಿಯ ಪ್ರತಿಭೆಗಿಂತ ಅವನ ಬಡತನದ ಮೇಲೆಯೇ ಹೆಚ್ಚು ಆಸಕ್ತಿಯೆಂಬ ಅರ್ಥದ ಮಾತನ್ನಾಡಿದರು. ಹಾಗಾದರೆ ಸಾಲಿನಲ್ಲಿ ನಿಂತವರಲ್ಲಿ ಹುಡುಕುತ್ತಿರುವುದು ಏನನ್ನು? ಕಷ್ಟದ ಕಥೆಯಿಲ್ಲದ, ಸಾಧಾರಣ ಮನೆಯ, ಶುದ್ಧ ಶ್ರುತಿಯ ಹುಡುಗಿ ಸುಳ್ಯದಿಂದ ಹೋಗಿ ನಿಂತರೆ ಅವಳಿಗೆ ಅದನ್ನು ಮೊದಲೇ ಹೇಳುವವರು ಯಾರು?

ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ನೀಲಾಂಜನೆಯ ಪ್ರಸಂಗವಿದೆ. ವೃಷಭಸ್ವಾಮಿಯ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಇನ್ನೊಬ್ಬಳನ್ನು ನಿರ್ಮಿಸಿ ನಿಲ್ಲಿಸುತ್ತಾನೆ. ನೃತ್ಯ ನಿಲ್ಲುವುದಿಲ್ಲ, ಸಭೆಗೆ ತಿಳಿಯುವುದೂ ಇಲ್ಲ. ಸ್ವಾಮಿಯೊಬ್ಬನಿಗೆ ಮಾತ್ರ ತಿಳಿಯುತ್ತದೆ. ಆ ಪ್ರಸಂಗವನ್ನು ಸಾಮಾನ್ಯವಾಗಿ ಸಂಸಾರದ ಅಸ್ಥಿರತೆಗೆ ದೃಷ್ಟಾಂತವಾಗಿ ಓದುತ್ತಾರೆ. ಅದರಲ್ಲಿ ಪ್ರದರ್ಶನ ಕಲೆಯನ್ನು ಕುರಿತೂ ಒಂದು ನೋಟವಿದೆ: ರಸ ಕೆಡಬಾರದೆಂಬ ಆತುರದಲ್ಲಿ, ಬಿದ್ದವರ ಜಾಗವನ್ನು ಎಷ್ಟು ಬೇಗ ತುಂಬಿಬಿಡುತ್ತಾರೆ! ವಾರಕ್ಕೊಬ್ಬರು ಹೊರಹೋಗುವ, ಸಾವಿರಾರು ಜನ ಕಾಣದಂತೆ ಹಿಂದಿರುಗುವ ಕಾರ್ಯಕ್ರಮವನ್ನು ನೋಡುತ್ತ ಕುಳಿತ ಮನೆಮಂದಿಯಲ್ಲಿ ಎಷ್ಟು ಜನಕ್ಕೆ ಅದು ಕಾಣುತ್ತದೆ?

ಇಷ್ಟು ಹೇಳಿದ ಮೇಲೆ ಟ್ರಸ್ಟುಗಳ ಮಾತನ್ನು ಬಿಡುವುದು ಪಕ್ಷಪಾತವಾದೀತು. ಮಹಾವೀರ ಜಯಂತಿಗೆ, ದಶಲಕ್ಷಣ ಪರ್ವಕ್ಕೆ ಮಕ್ಕಳ ಭಕ್ತಿಗೀತೆ ಸ್ಪರ್ಧೆಗಳನ್ನು ಏರ್ಪಡಿಸುವವರು ಸ್ಪರ್ಧಿಗಳೆಲ್ಲ 9 ಗಂಟೆಗೆ ಹಾಜರಿರಬೇಕೆಂದು ಅಚ್ಚು ಹಾಕಿಸುತ್ತಾರೆ. ಉದ್ಘಾಟಕರ ಕಾರು 10.30ಕ್ಕೆ ಬರುತ್ತದೆ. ಸ್ವಾಗತ, ಪ್ರಸ್ತಾವನೆ, ಸನ್ಮಾನ, ಸನ್ಮಾನಿತರ ಮಾತು ಇವೆಲ್ಲ ಮುಗಿಯುವಾಗ ಮಧ್ಯಾಹ್ನ. ಅಷ್ಟರಲ್ಲಿ ಎಳೆಯರು ಹಸಿವಿನಿಂದ ಬಾಡಿರುತ್ತಾರೆ. ಹಾಡು ಪಲ್ಲವಿಗೇ ಸಾಕಾಗಿರುತ್ತದೆ. ಇಲ್ಲಿ ಕ್ಯಾಮರಾ ಇಲ್ಲ, ಲಾಭವಿಲ್ಲ, ಆದರೂ ಸಾಲು ಅದೇ. ಇಪ್ಪತ್ತು ಮಕ್ಕಳ ಹೆಸರಿನ ಮುಂದೆ ಇಪ್ಪತ್ತು ಸಮಯಗಳನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಮುದ್ರಿಸಿ, ಪ್ರತಿಯೊಬ್ಬರಿಗೂ ತೀರ್ಪುಗಾರರ ಎರಡು ಸಾಲಿನ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೊಡಿಸುವುದಕ್ಕೆ ಟ್ರಸ್ಟಿನ ಆಯವ್ಯಯದಲ್ಲಿ ಪ್ರತ್ಯೇಕ ಬಾಬು ಬೇಕಾಗುವುದಿಲ್ಲ.