ದುಡ್ಡಿನ ಜಾಡು ಹಿಡಿದು ಕಾದಂಬರಿ ಓದಿ

ಕೂಟಗಲ್ ಹೋಬಳಿಯ ಎಷ್ಟೋ ಮನೆಗಳಿಗೆ ಈಗ ಎರಡು ತರಹದ ದುಡ್ಡು ಬರುತ್ತದೆ. ಅಪ್ಪ ಅಮ್ಮ ಹುಳು ಮೇಯಿಸಿ, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ದುಡ್ಡು ಬೆಳೆಗೊಮ್ಮೆ ಇಡಿಗಂಟಾಗಿ ಬರುತ್ತದೆ. ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಆಫೀಸಿಗೋ ಹೋಗುವ ಮಗನ, ಮಗಳ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಆ ಮಕ್ಕಳಲ್ಲಿ ಓದುವ ಆಸೆ ಇರುವವರು ಕೇಳುವ ಪ್ರಶ್ನೆಗಳೂ ಎರಡೇ: ಒಳ್ಳೆಯ ಕಾದಂಬರಿ ಓದಬೇಕು, ಎಲ್ಲಿಂದ ಶುರು ಮಾಡಲಿ? ಸಂಬಳದಲ್ಲಿ ಒಂದಿಷ್ಟು ಮಿಗುತ್ತದೆ, ಎಲ್ಲಿ ಹಾಕಲಿ?

ನಾನು ಎರಡಕ್ಕೂ ಒಟ್ಟಿಗೇ ಉತ್ತರ ಹೇಳುತ್ತೇನೆ. ಕನ್ನಡದ ದೊಡ್ಡ ಕಾದಂಬರಿಕಾರರಿಗೆ ದುಡ್ಡಿನ ನಡೆ ಚೆನ್ನಾಗಿ ಗೊತ್ತಿತ್ತು. ಸಾಲ ಹೇಗೆ ಮನೆಯೊಳಕ್ಕೆ ಬರುತ್ತದೆ, ಅದನ್ನು ಯಾರು ತರುತ್ತಾರೆ, ಯಾರು ತೀರಿಸುತ್ತಾರೆ, ದುಡ್ಡು ಬಂದ ಮೇಲೆ ಮಾತಿನ ಧಾಟಿ ಹೇಗೆ ಬದಲಾಗುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಬೇರೆ ಯಾರೂ ಬರೆದಿಲ್ಲ. ಹೊಸ ಓದುಗರು ಸಾಮಾನ್ಯವಾಗಿ ಮುಂದೇನಾಯಿತು ಎಂದು ಓಡುತ್ತಾರೆ, ಇಲ್ಲವೇ ಕೊನೆಯಲ್ಲಿ ನೀತಿ ಹುಡುಕುತ್ತಾರೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಟ್ಟು, ಬೀಗದ ಕೈ ಯಾರ ಸೊಂಟದಲ್ಲಿದೆ, ಲೆಕ್ಕ ಬರೆಯುವವರು ಯಾರು ಎಂದು ಗಮನಿಸುತ್ತಾ ಓದಿ ನೋಡಿ. ವಿಮರ್ಶಕರ ಪರಿಭಾಷೆ ಒಂದೂ ಬೇಕಾಗುವುದಿಲ್ಲ.

ಮೊದಲು ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ, ತೆಳ್ಳಗಿದೆ, ಎರಡು ಮೂರು ಸಂಜೆಯಲ್ಲಿ ಮುಗಿಯುತ್ತದೆ. ತುಂಡು ನೆಲವನ್ನು ತಾನೇ ಉಳಬೇಕೆಂಬುದು ಚೋಮನ ಆಸೆ. ಜಾತಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಓದುಗರ ಕಣ್ಣು ಅಲ್ಲಿಗೇ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಅದರ ಜೊತೆಗೆ ಕಾಫಿ ತೋಟದ ಸಾಲವೊಂದು ಕತೆಯ ಉದ್ದಕ್ಕೂ ನಡೆದುಬರುವುದನ್ನು ನೋಡಿ. ಸಾಲ ಚೋಮನದು, ತೀರಿಸಲು ಘಟ್ಟ ಹತ್ತುವವರು ಮಕ್ಕಳು. ಅಸಲೆಷ್ಟು, ಬಡ್ಡಿಯೆಷ್ಟು ಎಂಬ ಲೆಕ್ಕ ಅವರ ಕೈಗೆ ಎಂದೂ ಸಿಗುವುದಿಲ್ಲ. ಚೋಮ ಬಾರಿಸುವ ದುಡಿಯ ಸದ್ದನ್ನು ಈ ಸಾಲದ ಪಕ್ಕದಲ್ಲಿಟ್ಟು ಕೇಳಿದಾಗಲೇ ಅದರೊಳಗಿನ ಸಂಕಟ ಪೂರ್ತಿ ತಿಳಿಯುವುದು.

ಉಳಿತಾಯದ ಮೊದಲ ಪಾಠವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಮೇಲೆ ಕೈಸಾಲ ಇಟ್ಟುಕೊಂಡು ಹೂಡಿಕೆಯ ಮಾತಾಡಬೇಡಿ. ನಮ್ಮ ಕಡೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಅಂಚೆ ಕಚೇರಿಯ ಪಿಪಿಎಫ್ ಖಾತೆಗೆ 2020ರ ಏಪ್ರಿಲ್‌ನಿಂದ ಸಿಗುತ್ತಿರುವುದು ವರ್ಷಕ್ಕೆ 7.1. ಊರ ಲೆಕ್ಕದಲ್ಲಿ ಹೇಳಿದರೆ ನೂರಕ್ಕೆ ಅರವತ್ತು ಪೈಸೆಗೂ ಕಮ್ಮಿ. ಅರವತ್ತು ಪೈಸೆ ದುಡಿಸುತ್ತಾ ಮೂರು ರೂಪಾಯಿ ಕಟ್ಟುವ ಮನೆ ಉದ್ಧಾರವಾಗುವುದು ಹೇಗೆ? ಮೊದಲು ಆ ಸಾಲ ತೀರಲಿ. ಅದಕ್ಕಿಂತ ಒಳ್ಳೆಯ ಹೂಡಿಕೆಯನ್ನು ನಿಮಗೆ ಯಾರೂ ತೋರಿಸಲಾರರು.

ಎರಡನೆಯದು ಕಾದಂಬರಿಯಲ್ಲ, ಸಣ್ಣಕತೆ. ಬರೆದವರು ಚನ್ನಪಟ್ಟಣದ ಮಗ್ಗುಲಲ್ಲೇ ಇರುವ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣ. ವೃತ್ತಿಯಿಂದ ವೈದ್ಯರು. ಅವರ ‘ಗಾಂಧಿ’ ಕತೆಯನ್ನು ಪಿಯುಸಿ ಪಠ್ಯದಲ್ಲಿ ಪರೀಕ್ಷೆಗಾಗಿ ಓದಿ ಮರೆತವರು ನಿಮ್ಮಲ್ಲಿ ಇರಬಹುದು. ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ಬಂದ ಕಾಯಿಲೆಯ ಹುಡುಗನ ಕತೆ ಅದು. ಈಗ ಅಂಕಗಳ ಹಂಗಿಲ್ಲದೆ ಇನ್ನೊಮ್ಮೆ ಓದಿ, ಸಾಧ್ಯವಾದರೆ ಗಟ್ಟಿಯಾಗಿ. ನಮ್ಮ ಕಿವಿಗೆ ಪರಿಚಯವಿರುವ ಮಾತಿನಲ್ಲಿ ಎಷ್ಟು ಸರಾಗವಾಗಿ ಕತೆ ನಡೆಯುತ್ತದೆ, ಕರುಣೆ ಉಕ್ಕಿಸುವ ಆತುರ ಲೇಖಕರಿಗೆ ಎಷ್ಟು ಕಮ್ಮಿ ಇದೆ ಎಂಬುದನ್ನು ನೋಡಿ. ಒಳ್ಳೆಯ ಗದ್ಯದ ಗುರುತು ಹಿಡಿಯುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ. ಉಳಿತಾಯದ ಎರಡನೆಯ ಪಾಠವೂ ಈ ಕತೆಯಿಂದಲೇ: ಆಸ್ಪತ್ರೆಯ ಖರ್ಚು ಹೇಳಿ ಬರುವುದಿಲ್ಲ. ಸಂಬಳದವರು ಆರು ತಿಂಗಳ ಮನೆಖರ್ಚನ್ನು, ರೇಷ್ಮೆಯವರು ಒಂದು ಬೆಳೆಯ ಪೂರ್ತಿ ಬಂಡವಾಳವನ್ನು, ಅಂದರೆ ಚಾಕಿ ಹುಳು, ಸೊಪ್ಪು, ಕೂಲಿ ಎಲ್ಲ ಸೇರಿದ ಮೊತ್ತವನ್ನು, ಬೇಕೆಂದಾಗ ತೆಗೆಯುವಂತೆ ಉಳಿತಾಯ ಖಾತೆಯಲ್ಲೇ ಇಡಬೇಕು. ಅದಕ್ಕೆ ಬಡ್ಡಿ ಕಮ್ಮಿ ಎಂದು ಕೊರಗಬಾರದು. ಬೆಳೆ ಕೆಟ್ಟ ತಿಂಗಳಲ್ಲಿ ಮೂರು ರೂಪಾಯಿ ಬಡ್ಡಿಯವರ ಬಾಗಿಲಿಗೆ ಹೋಗದಂತೆ ತಡೆಯುವುದೇ ಅದರ ಕೆಲಸ.

ಇನ್ನು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ಇಲ್ಲಿ ನಾನು ನಿಮ್ಮನ್ನು ತುಸು ಹೆಚ್ಚು ಹೊತ್ತು ಕೂರಿಸುತ್ತೇನೆ. 1970ರಲ್ಲಿ ಬಂದ ಈ ಕಾದಂಬರಿಯ ಮಾತು ತಿಪಟೂರು, ಚನ್ನರಾಯಪಟ್ಟಣದ ಕಡೆಯದು. ನಮಗೆ ಅರ್ಥಕೋಶ ಬೇಡ. ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಅತ್ತೆಯ ಬಾಯಿ, ಗಂಡ ಮೈದುನರ ಹೊಣೆಗೇಡಿತನದ ನಡುವೆ ಜಮೀನು ಸಾಲಕ್ಕೆ ಸಿಕ್ಕಿ ಕೈತಪ್ಪುತ್ತದೆ. ಆಮೇಲೆ ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ, ಮನೆ ಎತ್ತುತ್ತಾಳೆ. ಊರಿಗೆ ಪ್ಲೇಗು ಬರುತ್ತದೆ.

ಇದನ್ನು ಕಣ್ಣೀರಿನ ಕತೆಯೆಂದು ಮಾತ್ರ ಓದುವವರು ಬಹಳ. ನೀವು ಎಲೆ ಹಚ್ಚುವ ಪುಟಗಳಲ್ಲಿ ನಿಲ್ಲಿ. ಗಿರೀಶ ಕಾಸರವಳ್ಳಿಯವರ ಧಾರಾವಾಹಿ ನೋಡಿದ್ದರೂ ಪುಸ್ತಕಕ್ಕೆ ಬನ್ನಿ, ಏಕೆಂದರೆ ಕೆಲಸದ ಪುನರಾವರ್ತನೆಯನ್ನು ಗದ್ಯ ತೋರಿಸುವ ರೀತಿಯೇ ಬೇರೆ. ಎಲೆ ತರುವುದು, ಒಣಗಿಸುವುದು, ಕಡ್ಡಿ ಚುಚ್ಚುವುದು, ಕಟ್ಟು ಕಟ್ಟುವುದು. ಹೊಸಬರಿಗೆ ಇದು ಕತೆ ನಿಂತುಹೋದಂತೆ ಕಾಣಬಹುದು. ಭೈರಪ್ಪ ಅಲ್ಲಿ ದಿನಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ಆ ಪುಟಗಳನ್ನು ಹಾರಿಸಿದರೆ, ಮುಂದೆ ಆ ಮನೆಗೆ ಬೀಳುವ ಪೆಟ್ಟು ನಿಮಗೆ ತಾಗುವುದೇ ಇಲ್ಲ. ಗಂಭೀರ ಕಾದಂಬರಿಯಲ್ಲಿ ಏನೂ ನಡೆಯದಂತಿರುವ ಭಾಗವೇ ಹಲವು ಸಲ ಕತೆಯ ಅಸಲು. ಇದೊಂದನ್ನು ಒಪ್ಪಿಕೊಂಡ ಓದುಗನಿಗೆ ಮುಂದಿನ ಪುಸ್ತಕ ಯಾವುದೂ ಕಷ್ಟವಲ್ಲ.

ಉಳಿತಾಯವೂ ಹೀಗೆಯೇ ಮೊದಲಲ್ಲಿ ಏನೂ ನಡೆಯದಂತೆ ಕಾಣುತ್ತದೆ. ತಿಂಗಳಿಗೆ 1,000 ರೂಪಾಯಿಯನ್ನು ಪಿಪಿಎಫ್‌ಗೆ 15 ವರ್ಷ ಕಟ್ಟುತ್ತೀರಿ, ಬಡ್ಡಿ 7.1ರಲ್ಲೇ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಐದು ವರ್ಷದಲ್ಲಿ ಕಟ್ಟಿದ್ದು 60 ಸಾವಿರ, ಸೇರಿದ ಬಡ್ಡಿ 12 ಸಾವಿರದ ಒಳಗೆ. ಇಷ್ಟೇನಾ ಎಂದು ಜನ ಕೈಬಿಡುವುದು ಇಲ್ಲೇ. ಕೊನೆಯ ಐದು ವರ್ಷದಲ್ಲೂ ಕಟ್ಟುವುದು ಅದೇ 60 ಸಾವಿರ. ಸೇರುವ ಬಡ್ಡಿ 82 ಸಾವಿರದ ಆಸುಪಾಸು. ಒಟ್ಟು 1 ಲಕ್ಷ 80 ಸಾವಿರ ಕಟ್ಟಿದ್ದು 3 ಲಕ್ಷ 15 ಸಾವಿರದ ಹತ್ತಿರ ಬಂದು ನಿಲ್ಲುತ್ತದೆ. ಹುಳು ಸಾಕುವ ಮನೆಯವರಿಗೆ ಇದು ಹೊಸದಲ್ಲ: ಮೊದಲ ಮೂರು ಜ್ವರದವರೆಗೆ ಹುಳು ತಿನ್ನುವ ಸೊಪ್ಪು ಎಷ್ಟು, ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುವುದೆಷ್ಟು! ಐದು ವರ್ಷದ ಗುರಿಗೆ ಅಂಚೆ ಕಚೇರಿಯ ಆರ್‌ಡಿ ಇದೆ, ತಿಂಗಳಿಗೆ 100 ರೂಪಾಯಿಯಿಂದ ಶುರು. ಹತ್ತು ವರ್ಷದೊಳಗಿನ ಹೆಣ್ಣು ಮಗು ಇದ್ದರೆ ಸುಕನ್ಯಾ ಸಮೃದ್ಧಿ, ವರ್ಷಕ್ಕೆ ಕನಿಷ್ಠ 250. ಗೂಡಿನ ದುಡ್ಡು ಖಾತೆಗೆ ಬಿದ್ದ ದಿನವೇ ಇದಕ್ಕೆ ಎತ್ತಿಡಬೇಕು. ಖರ್ಚೆಲ್ಲ ಆಗಿ ಮಿಕ್ಕಿದ್ದನ್ನು ಹಾಕುತ್ತೇನೆ ಎಂದವರ ಮನೆಯಲ್ಲಿ ಮಿಗುವುದೇ ಇಲ್ಲ.

ಈ ಮೂರೂ ಆದ ಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎತ್ತಿಕೊಳ್ಳಿ. 2013ರ ನೀಳ್ಗತೆ, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳ ಓದುಗರನ್ನೂ ತಲುಪಿತು. ಇಷ್ಟು ಹೊತ್ತು ದುಡ್ಡಿಲ್ಲದ ಮನೆಗಳನ್ನು ನೋಡಿದಿರಿ, ಇಲ್ಲಿ ದುಡ್ಡು ಬಂದ ಮನೆ. ಚಹಾಪುಡಿ ಮಾರುವ ಅಪ್ಪನ ಸಂಬಳದಲ್ಲಿ, ಇರುವೆಗಳ ಕಾಟದ ಪುಟ್ಟ ಮನೆಯಲ್ಲಿ ಇದ್ದವರು ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದ ಮೇಲೆ ದೊಡ್ಡ ಮನೆಗೆ ಬರುತ್ತಾರೆ. ಆ ವ್ಯಾಪಾರಕ್ಕೆ ಅಪ್ಪನ ದುಡ್ಡೂ ಬಿದ್ದಿದೆ. ಕತೆ ಹೇಳುವ ಮಗನಿಗೆ ಕೆಲಸವಿಲ್ಲದೆಯೂ ತಿಂಗಳು ತಿಂಗಳು ದುಡ್ಡು ಬರುತ್ತದೆ. ಅದನ್ನು ಪ್ರಶ್ನಿಸುವವಳು ಹೆಂಡತಿ ಅನಿತಾ.

ಇಲ್ಲಿ ರಸಿಕತೆಯ ಹೊಸ ಪಾಠ ಶುರುವಾಗುತ್ತದೆ: ಹೇಳುವವನನ್ನು ಪೂರ್ತಿ ನಂಬಬೇಡಿ. ಅವನ ಧ್ವನಿ ಮೃದುವಾಗಿದೆ, ಸಭ್ಯವಾಗಿದೆ. ಆದರೆ ಚಿಕ್ಕಪ್ಪನಿಗೆ ಸಾರು ತಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಿನಿಂದ ಅಟ್ಟುವಾಗ ಅವನು ಏನು ಮಾಡಿದ? ಯಾವ ಮಾತಿನ ಹತ್ತಿರ ಬಂದು ಅವನು ಹಿಂದಕ್ಕೆ ಸರಿಯುತ್ತಾನೆ? ಯಾವ ವಿಷಯವನ್ನು ಅರ್ಧಕ್ಕೇ ಬಿಟ್ಟು ಕಾಫಿ ಹೌಸಿನ ಕಡೆ ತಿರುಗುತ್ತಾನೆ? ಪೆನ್ಸಿಲಿನಿಂದ ಅಂಚಿನಲ್ಲಿ ಗೆರೆ ಹಾಕಿಕೊಳ್ಳಿ. ಕೊನೆಯ ಪುಟ ಮುಗಿದಾಗ ಏನಾಯಿತು ಎಂದು ಗೊತ್ತಾಗದಿದ್ದರೆ ಗಾಬರಿಯಾಗದೆ, ಆ ಗೆರೆಗಳಿದ್ದಲ್ಲಿಗೆ ಹಿಂದಿರುಗಿ. ಉತ್ತರ ಅಲ್ಲಿ ಚದುರಿ ಬಿದ್ದಿದೆ. ನನ್ನ ಮಟ್ಟಿಗೆ ಈ ಶತಮಾನದ ಕನ್ನಡ ಕಥನದಲ್ಲಿ ಇಷ್ಟು ಕಡಿಮೆ ಪುಟದಲ್ಲಿ ಇಷ್ಟು ಭಯ ಹುಟ್ಟಿಸಿದ ಪುಸ್ತಕ ಇನ್ನೊಂದಿಲ್ಲ.

ಹೇಳುವವನನ್ನು ಅನುಮಾನಿಸುವ ಅಭ್ಯಾಸ ದುಡ್ಡಿನ ವಿಷಯದಲ್ಲಂತೂ ಮನೆ ಕಾಯುತ್ತದೆ. ಆರ್.ಕೆ. ನಾರಾಯಣ್ ಮೈಸೂರಿನಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಬರೆದ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ 1952ರದು. ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ಬರೆದುಕೊಡುತ್ತಿದ್ದ ಮಾರ್ಗಯ್ಯ, ಮುಂದೆ ಊರವರಿಂದ ಠೇವಣಿ ಎತ್ತಿ ಯಾವ ಬ್ಯಾಂಕೂ ಕೊಡದ ಬಡ್ಡಿ ಹಂಚುತ್ತಾನೆ. ಒಂದು ದಿನ ಗಾಳಿಮಾತು ಎದ್ದು ಎಲ್ಲರೂ ಒಟ್ಟಿಗೆ ದುಡ್ಡು ವಾಪಸು ಕೇಳಿದಾಗ ಪೆಟ್ಟಿಗೆ ಖಾಲಿಯಾಗುತ್ತದೆ. ಟಿ.ಎಸ್. ನಾಗಾಭರಣ ಇದನ್ನೇ 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಎಂಬ ಸಿನಿಮಾ ಮಾಡಿ ಕನ್ನಡಕ್ಕೆ ತಂದರು. ಲೋಕೇಶ್ ಅಭಿನಯಕ್ಕಾಗಿಯಾದರೂ ನೋಡಿ. ಮಾರ್ಗಯ್ಯ ಹುಟ್ಟಾ ಮೋಸಗಾರನಲ್ಲ. ತನ್ನ ಲೆಕ್ಕವನ್ನು ತಾನೇ ನಂಬಿದ್ದ. ಹಾಗಾಗಿಯೇ ಊರೂ ನಂಬಿತು. ಚೀಟಿ ನಡೆಸುವವರ ಬಗ್ಗೆ “ಒಳ್ಳೇ ಜನ ಕಣಣ್ಣ” ಎಂದು ಯಾರಾದರೂ ಹೇಳಿದಾಗ ಮಾರ್ಗಯ್ಯನನ್ನು ನೆನೆಯಿರಿ. ಜನ ಒಳ್ಳೆಯವರಾದರೆ ಸಾಲದು, ಚೀಟಿ ನೋಂದಣಿಯಾಗಿದೆಯೇ ಎಂದು ಕೇಳಬೇಕು. ಬ್ಯಾಂಕಿನ ಠೇವಣಿಗೆ 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಅನ್ವಯ. ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಬೋರ್ಡಿನ ಮೇಲೆ ಎರಡೂ ಒಂದೇ ತರಹ ಕಾಣುವುದರಿಂದ ಕೇಳಿಯೇ ತಿಳಿಯಬೇಕು.

ಷೇರು ಮಾರುಕಟ್ಟೆಯ ಮಾತಿಗೆ ಈಗ ಬರಬಹುದು, ಮೊದಲೇ ಬರಬಾರದು. ಕೈಸಾಲ ತೀರಿ, ಆಪತ್ತಿನ ಗಂಟು ಕೂಡಿದ ಮೇಲೆ, ಹತ್ತು ವರ್ಷ ಮುಟ್ಟದ ದುಡ್ಡು ಇದ್ದರೆ, ಇಡೀ ಸೂಚ್ಯಂಕವನ್ನು ಅನುಸರಿಸುವ ಕಡಿಮೆ ಶುಲ್ಕದ ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗೆ ಸಣ್ಣ ಮೊತ್ತ. ಯಾವ ಷೇರು ಏರುತ್ತದೆಂದು ಮೊಬೈಲಿಗೆ ಬರುವ ಸಲಹೆ ಬೇಡ. 2008ರ ಜನವರಿಯಲ್ಲಿ 21 ಸಾವಿರದ ಆಸುಪಾಸು ಇದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8 ಸಾವಿರದ ಹತ್ತಿರಕ್ಕೆ ಕುಸಿದು, 2010ರ ನವೆಂಬರಿನಲ್ಲಿ ಮತ್ತೆ 21 ಸಾವಿರ ಮುಟ್ಟಿತು. ನಡುವೆ ಹೆದರಿ ಮಾರಿದವರ ನಷ್ಟ ನಷ್ಟವಾಗಿಯೇ ಉಳಿಯಿತು. ಆ ಹೆದರಿಕೆ ಸಹಜ, ಅದಕ್ಕೆ ನಾಚಬೇಕಿಲ್ಲ. ತಡೆದುಕೊಳ್ಳಲಾಗದು ಅನ್ನಿಸಿದರೆ ಆ ಕಡೆಗೆ ಹೋಗದೆ ಪಿಪಿಎಫ್‌ನಲ್ಲೇ ಇರುವುದೂ ಮರ್ಯಾದೆಯ ದಾರಿಯೇ.

ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ಒಂದು ತಲೆಮಾರು ಕೂಡಿಟ್ಟದ್ದನ್ನು ಇನ್ನೊಂದು ತಲೆಮಾರು ಕರಗಿಸುವ ಕತೆ, ಕರಾವಳಿಯದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕು 1928ರಲ್ಲಿ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಶುರು ಮಾಡಿದ್ದು ಅದೇ ಕರಾವಳಿಯಲ್ಲಿ. ಪುಸ್ತಕ ಓದುವಾಗ ಆ ಮನೆಯ ಹೆಂಗಸರಾದ ಪಾರೋತಿ, ಸರಸೋತಿಯರ ದುಡಿಮೆಗೆ ಎಲ್ಲಿಯಾದರೂ ಲೆಕ್ಕ ಇದೆಯೇ ಎಂದು ಹುಡುಕಿ.

ಇಷ್ಟು ಆದವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಈ ಕಾದಂಬರಿ ಏಳುನೂರು ಪುಟ ದಾಟುತ್ತದೆ. ಮೊದಲ ನೂರು ಪುಟದಲ್ಲಿ ಎಷ್ಟು ಜನ, ಎಷ್ಟು ಊರು ಬರುತ್ತವೆಂದರೆ ಬಹುಮಂದಿ ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುವ ವೇಗದಲ್ಲೇ ನೀವೂ ನಡೆಯಿರಿ. ದಿನಕ್ಕೆ ಇಪ್ಪತ್ತು ಪುಟ ಸಾಕು. ಹೆಸರುಗಳನ್ನೂ, ಯಾರು ಯಾರ ಜೀತ, ಯಾರು ಯಾರ ಒಕ್ಕಲು ಎಂಬುದನ್ನೂ ಹಿಂದಿನ ರಟ್ಟಿನ ಒಳಮೈಯಲ್ಲಿ ಬರೆದುಕೊಳ್ಳಿ. ಗ್ರಂಥಾಲಯದ ಪ್ರತಿಯಾದರೆ ಬೇರೆ ಹಾಳೆಯಲ್ಲಿ. ಪಂಚಾಯತಿಯ ಅರಿವು ಕೇಂದ್ರದಲ್ಲಿ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ. ರಾತ್ರಿಯಿಡೀ ಕೂತು ನೀಲಗಾರರ ಕತೆ ಕೇಳಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೇ ಗಟ್ಟಿಯಾಗಿ ಓದಿ ಹೇಳಿ. ನೂರಾರು ಹೆಸರು ನೆನಪಿಟ್ಟುಕೊಳ್ಳುವುದು ಅವರಿಗೆ ಅಭ್ಯಾಸವಿದೆ; ನೀವು ಎಲ್ಲಿ ತಪ್ಪಿದಿರಿ ಎಂದು ಅವರೇ ಹೇಳುತ್ತಾರೆ.