ಸರಾಸರಿಯ ಮರೆಯಲ್ಲಿ ಉಳಿದವರು

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಒಪ್ಪಿಸಿದ ಪ್ರಾದೇಶಿಕ ಅಸಮತೋಲನ ವರದಿಯನ್ನು ನಮ್ಮ ಭಾಗದ ವೇದಿಕೆಗಳಲ್ಲಿ ಉದ್ಧರಿಸುವವರು ಬಹಳ, ಓದಿದವರು ವಿರಳ. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 39ನ್ನು ಅತ್ಯಂತ ಹಿಂದುಳಿದವೆಂದು ಅದು ಹೆಸರಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ನಮ್ಮ ಕೊರತೆಯನ್ನು ಬರಿಯ ಗೋಳಾಗಿ ಬಿಡದೆ ಅಂಕಿಗಳಲ್ಲಿ ನುಡಿದದ್ದು ಆ ವರದಿಯ ದೊಡ್ಡ ಉಪಕಾರ.

ಆದರೂ ಅದರ ಆರೋಗ್ಯದ ಲೆಕ್ಕದ ಬಗ್ಗೆ ನನಗೆ ತಕರಾರಿದೆ. ಅಲ್ಲಿ ಎಣಿಸಿದ್ದು ಇಷ್ಟು ಜನರಿಗೆ ಇಷ್ಟು ವೈದ್ಯರು, ಇಷ್ಟು ಹಾಸಿಗೆಗಳು ಎಂಬುದನ್ನು; ಅದೂ ಇಡೀ ತಾಲ್ಲೂಕಿಗೆ ಒಂದೇ ಅಂಕಿಯಾಗಿ. ಆದಿತ್ಯನಗರದಲ್ಲಿ ನಿಂತು ಆ ಅಂಕಿಯನ್ನು ಓದಿರಿ. ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರನೂ, ಗುತ್ತಿಗೆಯ ಕೂಲಿಯೂ, ದೂರದ ತಾಂಡಾದ ಬಾಣಂತಿಯೂ ಕೂಡಿ ಒಂದು ಸೇಡಂ ಸರಾಸರಿ! (ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇದೇ ತಾಲ್ಲೂಕಿನಲ್ಲಿದೆ, ಆ ವೈಭವ ಅಂದು ಯಾರ ಪಾಲಿಗಿತ್ತೋ.) ಆಗ ವಾಡಿ, ಶಹಾಬಾದ್ ಎರಡೂ ಚಿತ್ತಾಪುರದೊಳಗೇ ಇದ್ದವು. ಅಲ್ಲಿನ ಕಲ್ಲುಗಣಿಗಳಲ್ಲಿ ದಿನವಿಡೀ ಧೂಳು ಉಸಿರಾಡುವವನ ಕೆಮ್ಮಿಗೆ ಆ 35 ಸೂಚಕಗಳಲ್ಲಿ ಒಂದೂ ಇಲ್ಲ. ಹಾಸಿಗೆ ಇರುವುದು ಬೇರೆ, ಕೂಲಿ ಬಿಟ್ಟು, ಬಸ್ಸು ಹಿಡಿದು ಅಲ್ಲಿಗೆ ತಲುಪುವುದು ಬೇರೆ.

ಇದೇ ವಿಷಯದ ಅಧ್ಯಯನಕ್ಕೆ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಮತ್ತೊಂದು ಸಮಿತಿಯನ್ನು ರಚಿಸಿತು. ಅದರ ವರದಿಯಲ್ಲಿ ನೀವು ಮೊದಲು ಹುಡುಕಬೇಕಾದದ್ದು ಸೇಡಮ್ಮಿನ ಸ್ಥಾನವನ್ನಲ್ಲ, ತಾಂಡಾದಿಂದ ಹೆರಿಗೆ ಕೋಣೆಗೆ ಎಷ್ಟು ದೂರವೆಂಬ ಲೆಕ್ಕವನ್ನು.